ಎಇ (ಸಹಾಯಕ ಎಂಜಿನಿಯರ್) ಆಗಿ ಸೇರಿದವರು ಬೆಂಗಳೂರಿನ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂನ ಎಂಡಿ (ವ್ಯವಸ್ಥಾಪಕ ನಿರ್ದೇಶಕ) ಆಗಬಹುದಾ?

ಸಾಮಾನ್ಯವಾಗಿ ಇಲ್ಲ. ಆ ಕುರ್ಚಿಗೆ ಸರ್ಕಾರ ಹೆಚ್ಚಾಗಿ ಐಎಎಸ್ ಅಧಿಕಾರಿಗಳನ್ನೇ ಕೂರಿಸುತ್ತದೆ. ಎಂಜಿನಿಯರ್‌ಗಳು ದೊಡ್ಡ ಮಟ್ಟಿಗೆ ಕನಸು ಕಾಣುವುದು ತಾಂತ್ರಿಕ ನಿರ್ದೇಶಕರ ಹುದ್ದೆಯನ್ನು.

ಶುರುವಾಗುವುದು ಸೆಕ್ಷನ್ ಆಫೀಸಿನಿಂದ. ಬಿಇ ಆದವರು ಎಇ, ಡಿಪ್ಲೊಮಾದವರು ಜೆಇ (ಕಿರಿಯ ಎಂಜಿನಿಯರ್). ಟ್ರಾನ್ಸ್‌ಫಾರ್ಮರ್ ಸುಟ್ಟರೆ, ಮಳೆಗೆ ಕಂಬ ಉರುಳಿದರೆ ರಾತ್ರಿ ಎರಡು ಗಂಟೆಗೂ ಫೋನ್ ಬರುವುದು ಇವರಿಗೇ. ಬೈಗುಳವೂ ಜಾಸ್ತಿ ಇವರಿಗೇ! ಆಮೇಲೆ ಉಪವಿಭಾಗಕ್ಕೆ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್), ವಿಭಾಗಕ್ಕೆ ಇಇ (ಕಾರ್ಯನಿರ್ವಾಹಕ ಎಂಜಿನಿಯರ್), ವೃತ್ತಕ್ಕೆ ಎಸ್‌ಇ (ಅಧೀಕ್ಷಕ ಎಂಜಿನಿಯರ್), ವಲಯಕ್ಕೆ ಮುಖ್ಯ ಎಂಜಿನಿಯರ್. ಬಡ್ತಿಗೆ ಸೇವಾ ಹಿರಿತನ ಬೇಕು, ಮೇಲೆ ಜಾಗವೂ ಖಾಲಿಯಾಗಬೇಕು. ಹಾಗಾಗಿ ಎಷ್ಟನೇ ವಯಸ್ಸಿಗೆ ಸೇರಿದಿರಿ ಅನ್ನೋದು ಬಹಳ ಮುಖ್ಯ.

ಮೇಲೆ ಹೋದಂತೆ ತಂತಿ, ಕಂಬ ಹಿಂದೆ ಸರಿದು ಲೆಕ್ಕ ಮುಂದೆ ಬರುತ್ತದೆ. ವಿದ್ಯುತ್ ಖರೀದಿ ಖರ್ಚು, ವಿದ್ಯುತ್ ದರ ನಿಗದಿ ಮಾಡುವ ರಾಜ್ಯ ಆಯೋಗ ಕೆಇಆರ್‌ಸಿ ಮುಂದೆ ದರದ ಅರ್ಜಿ, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿಗೆ ಸರ್ಕಾರ ಕೊಡಬೇಕಾದ ಸಬ್ಸಿಡಿ, ಹೀಗೆ.

ಅಂದಹಾಗೆ, ಹಳಬರ ಬಾಯಲ್ಲಿ ಬೆಸ್ಕಾಂ ಇನ್ನೂ 'ಕೆಇಬಿ'ಯೇ (ಕರ್ನಾಟಕ ವಿದ್ಯುತ್ ಮಂಡಳಿ). 1957ರ ಆ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ (ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ) ಆಯಿತು. 2002ರಲ್ಲಿ ವಿತರಣೆ ಬೇರೆಯಾಗಿ ಬೆಸ್ಕಾಂ ಹುಟ್ಟಿತು.