ಭತ್ತಕ್ಕೆ ಯೂರಿಯಾ ಜಾಸ್ತಿಯಾದರೆ ಬೆಂಕಿ ರೋಗ ಬರುತ್ತಾ?

ಯೂರಿಯಾ ಹಾಕಿದ ಹತ್ತು ದಿನಕ್ಕೆ ಭತ್ತದ ಎಲೆ ಮೇಲೆ ಚುಕ್ಕೆ ಬಂದಿದೆ, ಇನ್ನೊಂದು ಮೂಟೆ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗ ಬೇಡ ಸರ್. ಒಂದು ಎಲೆ ಕಿತ್ತು ಹತ್ತಿರದಿಂದ ನೋಡಿ. ಚುಕ್ಕೆಯ ಎರಡೂ ತುದಿ ಚೂಪಾಗಿ, ನಡುವೆ ಬೂದಿ ಬಣ್ಣ, ಅಂಚು ಕಂದು ಇದ್ದರೆ ಅದು ಬೆಂಕಿ ರೋಗ. ಯೂರಿಯಾದಲ್ಲಿರುವ ಸಾರಜನಕ ಜಾಸ್ತಿಯಾದರೆ ಎಲೆ ಕಡು ಹಸಿರಾಗಿ ಮೆತ್ತಗಾಗುತ್ತದೆ, ಈ ರೋಗ ತರುವ ಶಿಲೀಂಧ್ರ ಸುಲಭವಾಗಿ ಒಳಗಿಳಿಯುತ್ತದೆ. ಪೈರು ದಟ್ಟವಾಗುವುದರಿಂದ ಬೆಳಗಿನ ಇಬ್ಬನಿಯೂ ಬೇಗ ಆರುವುದಿಲ್ಲ. ನಮ್ಮ ಗದ್ದೆಯಲ್ಲೂ ಯೂರಿಯಾ ಚೀಲ ಬಿಚ್ಚಿದ ಮೂಲೆಯೇ ಮೊದಲು ಸುಟ್ಟ ಹಾಗಾಗಿತ್ತು.

ಗದ್ದೆ ಒಣಗಲು ಬಿಡಬೇಡಿ. ರೋಗ ಖಚಿತವಾದರೆ ಟ್ರೈಸೈಕ್ಲಜೋಲ್ ಶೇ. 75 ಎಂಬ ಶಿಲೀಂಧ್ರನಾಶಕ ಪುಡಿಯನ್ನು ಲೀಟರ್ ನೀರಿಗೆ 0.6 ಗ್ರಾಂ ಬೆರೆಸಿ ಸಿಂಪಡಿಸಿ. ಮುಂದಿನ ಬೆಳೆಗೆ ಯೂರಿಯಾ ಒಂದೇ ಸಲ ಸುರಿಯದೆ ಮೂರು ಕಂತಿನಲ್ಲಿ ಕೊಡಿ, ಪೊಟ್ಯಾಷ್ ಮರೆಯಬೇಡಿ.