ಜೀನ್ ಜೋರಾಯಿತು, ಕೊಬ್ಬು ಬೆಳೆಯಿತು: ನಡುವೆ ಏನಾಯಿತು?

ನಮಸ್ಕಾರ.

ನಿಮ್ಮ ‘ಮಾಂಸದೊಳಗಿನ ಬಿಳಿ ಗೆರೆ’ ಲೇಖನ ತಲುಪಿತು. ಬೀದರ್‌ನಲ್ಲಿ ಪಶುವೈದ್ಯಕೀಯ ಓದುತ್ತಿರುವವರೊಬ್ಬರು ಇಂಥ ವಿಷಯವನ್ನು ಕನ್ನಡದಲ್ಲಿ ಬರೆದು ಕಲಬುರಗಿಯ ನಮ್ಮ ಸಣ್ಣ ಮಾಸಿಕಕ್ಕೆ ಕಳಿಸಿದ್ದು ಸಂತೋಷ. ಕಾಗುಣಿತ ಶುದ್ಧವಾಗಿದೆ. ಜಪಾನಿನಲ್ಲಿ ಮಾಂಸದೊಳಗಿನ ಕೊಬ್ಬನ್ನು 1ರಿಂದ 12ರವರೆಗೆ ಅಂಕ ಕೊಟ್ಟು ಅಳೆಯುವುದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ವಿಷಯ ನೋಡಿ ನಮ್ಮ ಆಫೀಸಿನಲ್ಲೇ ಒಬ್ಬರು “ಇದನ್ನ ಹಾಕ್ತೀರಾ ಸರ್?” ಅಂತ ಕೇಳಿದರು. ಹಾಕಲು ನನಗೇನೂ ಅಡ್ಡಿಯಿಲ್ಲ. ಆದರೆ ಈಗಿರುವ ಹಾಗೆ ಹಾಕುವುದಿಲ್ಲ.

ಇದೇ ತೊಂದರೆ ಇರುವ ಬರಹಗಳು ಆಗಾಗ ಬರುತ್ತಲೇ ಇರುತ್ತವೆ. ಅದಕ್ಕೆ ಉತ್ತರವನ್ನು ಪತ್ರಿಕೆಯಲ್ಲೇ ಕೊಡುತ್ತಿದ್ದೇನೆ. ಹೆಸರು ಹಾಕಿಲ್ಲ, ಗಾಬರಿ ಬೇಡ. ಓದುಗರಿಗಾಗಿ ಒಂದು ಮಾತು: ಮಾಂಸಕ್ಕಾಗಿಯೇ ಸಾಕುವ ಜಪಾನಿನ ವಾಗ್ಯು, ಸ್ಕಾಟ್ಲೆಂಡ್ ಮೂಲದ ಆಂಗಸ್ ಮೊದಲಾದ ದನಗಳಲ್ಲಿ ಸ್ನಾಯುವಿನ ಎಳೆಗಳ ನಡುವೆ ಕೊಬ್ಬು ಹೇಗೆ ಸೇರುತ್ತದೆ, ಆಗ ಯಾವ ಜೀನ್ ಎಷ್ಟು ಚುರುಕಾಗಿರುತ್ತದೆ ಎಂಬುದು ಈ ಲೇಖನದ ವಿಷಯ. ಹೀಗೆ ಸೇರುವ ಕೊಬ್ಬಿಗೆ ಮಾರ್ಬ್ಲಿಂಗ್ ಅನ್ನುತ್ತಾರೆ. ಇದು ಜಾಸ್ತಿ ಇದ್ದಷ್ಟೂ ಅಲ್ಲಿನ ಮಾರುಕಟ್ಟೆಯಲ್ಲಿ ಬೆಲೆ ಜಾಸ್ತಿ.

ನನ್ನ ತಕರಾರು ಇರುವುದು ಮೂರನೇ ಪುಟದ ನಾಲ್ಕು ವಾಕ್ಯಗಳ ಮೇಲೆ.

ಮೊದಲನೆಯದು: “ಆರು ತಿಂಗಳ ಕರುವಿನಿಂದ ಇಪ್ಪತ್ತೆಂಟು ತಿಂಗಳ ಹೋರಿಯವರೆಗೆ ಬೆನ್ನಿನ ಸ್ನಾಯುವಿನಲ್ಲಿ ಎಫ್‌ಎಬಿಪಿ4 ಜೀನಿನ ಚಟುವಟಿಕೆ ಏರುತ್ತಾ ಹೋಗುತ್ತದೆ.” ಅಳತೆ ಹಾಗೇ ಬಂದಿದ್ದರೆ ಹಾಗೇ ಬರೆಯಿರಿ. ಆದರೆ ಆ ಹೋರಿಗೆ ಬೀಜ ಒಡೆಸಿದ್ದರಾ, ಇಲ್ಲವಾ? ಒಡೆಸಿದ ಪ್ರಾಣಿಯಲ್ಲಿ ಮಾಂಸದೊಳಗಿನ ಕೊಬ್ಬು ಹೆಚ್ಚು, ಬಿಟ್ಟ ಹೋರಿಯಲ್ಲಿ ಕಡಿಮೆ. ನಮ್ಮ ಭಾಗದ ಯಾವ ರೈತನೂ ಮೊದಲು ಕೇಳುವುದು ಇದನ್ನೇ. ನೀವು ಡಾಕ್ಟರಾಗುವವರು. ನಿಮಗೆ ನಾನು ಹೇಳಬೇಕೇ?

ಎರಡನೆಯದು: “ಆದ್ದರಿಂದ ಈ ಜೀನೇ ಮಾಂಸದೊಳಗೆ ಕೊಬ್ಬನ್ನು ತಯಾರಿಸುತ್ತದೆ.” ಇಲ್ಲಿ ನಾನು ಪೆನ್ನು ಕೆಳಗಿಟ್ಟು ಚಹಾ ತರಿಸಿಕೊಂಡೆ.

ಸ್ವಲ್ಪ ನಿಧಾನವಾಗಿ ನೋಡೋಣ. ಈ ಪ್ರಯೋಗ ಹೇಗೆ ನಡೆಯುತ್ತದೆ? ಬೆನ್ನಿನ ಉದ್ದ ಸ್ನಾಯುವಿನಿಂದ ಕಡಲೆ ಕಾಳಿನಷ್ಟು ಚೂರು ತೆಗೆಯುತ್ತಾರೆ. ಕೂಡಲೇ ಲಿಕ್ವಿಡ್ ನೈಟ್ರೋಜನ್‌ಗೆ ಹಾಕುತ್ತಾರೆ, ವೀರ್ಯದ ಕಡ್ಡಿ ಇಡುತ್ತೀರಲ್ಲ, ಅದೇ. ಆಮೇಲೆ ಅದನ್ನು ಪುಡಿ ಮಾಡಿ, ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲು, ಅಂದರೆ ಆರ್‌ಎನ್‌ಎ ತೆಗೆದು ಯಾವ ಜೀನಿನದು ಎಷ್ಟಿದೆ ಅಂತ ಅಳೆಯುತ್ತಾರೆ. ಆ ಚೂರಿನಲ್ಲಿ ಏನೇನಿತ್ತು? ಸ್ನಾಯುವಿನ ಎಳೆ ಇತ್ತು. ಸಣ್ಣ ರಕ್ತನಾಳ, ನರ, ಎಳೆಗಳ ಕಟ್ಟನ್ನು ಸುತ್ತಿದ ಪೊರೆ ಇದ್ದವು. ಕೊಬ್ಬಿನ ಕೋಶಗಳೂ ಇದ್ದವು. ಪುಡಿ ಮಾಡಿದ ಮೇಲೆ ಎಲ್ಲ ಒಂದೇ.

ಎಫ್‌ಎಬಿಪಿ4 ಪ್ರೋಟೀನ್ ಕೊಬ್ಬಿನ ಆಮ್ಲಗಳಿಗೆ ಅಂಟಿಕೊಂಡು ಅವನ್ನು ಕೋಶದೊಳಗೆ ಸಾಗಿಸುವಂಥದ್ದು. ಕೊಬ್ಬಿನ ಕೋಶದಲ್ಲಿ ಅದು ತುಂಬಿ ತುಳುಕುತ್ತದೆ, ಸ್ನಾಯುವಿನ ಎಳೆಯಲ್ಲಿ ಬಹಳ ಕಡಿಮೆ. ಕರುವಿನ ಚೂರಿನಲ್ಲಿ ಕೊಬ್ಬಿನ ಕೋಶ ಬೆರಳೆಣಿಕೆಯಷ್ಟು, ಕೊಬ್ಬಿದ ಪ್ರಾಣಿಯ ಚೂರಿನಲ್ಲಿ ರಾಶಿ ರಾಶಿ. ಹಾಗಾದರೆ ಅಳತೆ ಏರದೆ ಇನ್ನೇನಾಗುತ್ತದೆ? ಒಂದೊಂದು ಕೋಶವೂ ಹಿಂದಿನಷ್ಟೇ ಕೆಲಸ ಮಾಡುತ್ತಿದ್ದರೂ ಅಂಕಿ ಏರುತ್ತದೆ. ಕೊಬ್ಬು ಬಂದದ್ದರಿಂದಲೇ ಜೀನಿನ ಅಂಕಿ ಏರಿರಬಹುದು. ನೀವು ಅದನ್ನು ತಲೆಕೆಳಗೆ ಮಾಡಿ, ಮೇಲೊಂದು ‘ಆದ್ದರಿಂದ’ ಇಟ್ಟುಬಿಟ್ಟಿದ್ದೀರಿ.

ನಾನು ಈ ಕೆಲಸಕ್ಕೆ ಹೊಸದಾಗಿ ಸೇರಿದ್ದು ಇದೇ ಊರಿನ ಒಂದು ದಿನಪತ್ರಿಕೆಗೆ. ಆಗಿನ್ನೂ ಊರು ಗುಲ್ಬರ್ಗ. ಪ್ರೂಫ್ ನೋಡುವ ಕೆಲಸ. ಒಂದು ದಿನ ಹಿರಿಯ ವರದಿಗಾರರ ಸುದ್ದಿ ಬಂತು: ತೊಗರಿಯ ಸರಾಸರಿ ದರ ಕುಸಿದಿದೆ, ವ್ಯಾಪಾರಿಗಳು ದರ ಒಡೆದಿದ್ದಾರೆ ಅಂತ. ನಮ್ಮ ಮುಖ್ಯ ಉಪಸಂಪಾದಕರು ಅದನ್ನು ಎರಡು ಸಲ ಓದಿ, ಆ ವರದಿಗಾರರನ್ನು ಕರೆದು, “ಯಾವ ಮಾಲಿಂದು ದರ ಇಳದದಪಾ? ಒಣ ಮಾಲಿಂದೋ, ಹಸಿ ಮಾಲಿಂದೋ?” ಅಂದರು. ಅವರು ಸುಮ್ಮನೆ ನಿಂತರು. ಇವರು ಚಪ್ಪಲಿ ಮೆಟ್ಟಿಕೊಂಡು ಎದ್ದೇಬಿಟ್ಟರು. ನನಗೂ “ನೀನೂ ಬಾ” ಅಂದರು. ನೆಹರು ಗಂಜ್‌ಗೆ ಹೋದೆವು. ಅಡತಿ ಅಂಗಡಿಯ ಮುಂದೆ ರಾಶಿಗಳು ಬೇರೆ ಬೇರೆ ಸುರಿದಿದ್ದವು. ಒಂದರಿಂದ ಕಾಳು ತೆಗೆದು ಹಲ್ಲಲ್ಲಿ ಕಡಿದರು, ಟಕ್ ಅಂತ ಒಡೆಯಿತು. ಪಕ್ಕದ ರಾಶಿಯ ಕಾಳು ಕಡಿದರು, ಮೆತ್ತಗೆ ಹಲ್ಲಿಗೆ ಹತ್ತಿತು. ಒಣಗಿದ ಮಾಲಿನ ದರ ಹಿಂದಿನ ವಾರದಷ್ಟೇ ಇತ್ತು. ಮಳೆಗೆ ಸಿಕ್ಕ ಹಸಿ ಮಾಲು ಆ ವಾರ ಜಾಸ್ತಿ ಬಂದಿತ್ತು, ಅಷ್ಟೇ. ಎರಡನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ ಇಳಿಯಲೇಬೇಕು. ಯಾರೂ ದರ ಒಡೆದಿರಲಿಲ್ಲ. ವಾಪಸ್ ಬರುವಾಗ ಅವರು ಒಂದು ಮಾತೂ ಆಡಲಿಲ್ಲ. ಉಪದೇಶ ಅಂದರೆ ಅವರಿಗೆ ಆಗುತ್ತಿರಲಿಲ್ಲ. (ನಾನು ಹಾಗಲ್ಲ ಅಂತ ನಿಮಗೆ ಈಗಾಗಲೇ ಗೊತ್ತಾಗಿರಬೇಕು.)

ನಿಮ್ಮ ಮಾಂಸದ ಚೂರು ಆ ಸರಾಸರಿ ದರವೇ. ಒಳಗೆ ಯಾವ ಮಾಲು ಎಷ್ಟಿತ್ತು ಅಂತ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ವಿಜ್ಞಾನಿಗಳು ಸುಮ್ನೆ ಕೂತಿಲ್ಲ. ಅದೇ ಚೂರಿನ ತೆಳು ಸೀಳು ಮಾಡಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕೊಬ್ಬಿನ ಕೋಶ ಎಣಿಸುತ್ತಾರೆ. ಕೋಶಗಳನ್ನು ಬೇರೆ ಮಾಡಿ ಒಂದೊಂದರ ಆರ್‌ಎನ್‌ಎ ನೋಡುತ್ತಾರೆ. ತಟ್ಟೆಯಲ್ಲಿ ಬೆಳೆಸಿದ ಕೋಶದಲ್ಲಿ ಜೀನನ್ನು ತಗ್ಗಿಸಿ ಏನಾಗುತ್ತದೆ ಅಂತ ಕಾಯುತ್ತಾರೆ. ಈ ಮೂರರಲ್ಲಿ ಒಂದನ್ನಾದರೂ ಓದುಗರಿಗೆ ತೋರಿಸಿ.

ಮೂರನೇ ವಾಕ್ಯ: “ಪಿಪಿಎಆರ್ ಗಾಮಾ ಎಂಬ ಮಾಸ್ಟರ್ ಜೀನ್ ಆದೇಶ ನೀಡಿದ ಕೂಡಲೇ ಕೋಶಗಳು ಕೊಬ್ಬಿನ ಕೋಶಗಳಾಗುತ್ತವೆ.” ಇದಕ್ಕೆ ಗಟ್ಟಿ ಸಾಕ್ಷಿ ಇದೆ. 1994ರಲ್ಲೇ ಸಂಶೋಧಕರು ಇಲಿಯ ಫೈಬ್ರೊಬ್ಲಾಸ್ಟ್ ಎಂಬ, ನಾರಿನ ಪೊರೆ ಕಟ್ಟುವ ಕೋಶಗಳಿಗೆ ಈ ಜೀನನ್ನು ಸೇರಿಸಿ, ಅವು ಕೊಬ್ಬಿನ ಕೋಶಗಳಾಗುವುದನ್ನು ತೋರಿಸಿದರು. ಇದಿಲ್ಲದೆ ಕೊಬ್ಬಿನ ಕೋಶ ತಯಾರಾಗುವುದಿಲ್ಲ. ಅಂದರೆ ಇಲ್ಲಿ ನೀವು ಧೈರ್ಯವಾಗಿ ಕಾರಣ ಅನ್ನಬಹುದು. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಸಾಕ್ಷಿ ಇರುವ ಈ ಮಾತಿಗೂ ಸಾಕ್ಷಿ ಇಲ್ಲದ ಹಿಂದಿನ ಮಾತಿಗೂ ನಿಮ್ಮ ದನಿ ಒಂದೇ. ಓದುವವರು ಯಾವುದನ್ನು ನಂಬಬೇಕು? ಇನ್ನು ಆ ‘ಕೂಡಲೇ’ ತೆಗೆಯಿರಿ. ತಟ್ಟೆಯಲ್ಲಿ ಕೂಡ ಇದಕ್ಕೆ ಹಲವು ದಿನ ಬೇಕು. ದನದಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಹೊಟ್ಟೆಯೊಳಗಿನ ಕೊಬ್ಬು, ಚರ್ಮದಡಿಯ ಕೊಬ್ಬು ಸಾಕಷ್ಟು ಸೇರಿದ ಮೇಲೆ ಕೊನೆಗೆ ಮಾಂಸದೊಳಗಿನದು ಕಣ್ಣಿಗೆ ಕಾಣುತ್ತದೆ.

ನಾಲ್ಕನೆಯದು: “ಸ್ನಾಯು ಕೋಶಗಳು ಕ್ರಮೇಣ ಕೊಬ್ಬಿನ ಕೋಶಗಳಾಗಿ ಮಾರ್ಪಡುತ್ತವೆ.” ಇಲ್ಲ. ಸ್ನಾಯುವಿನ ಎಳೆ ಸ್ನಾಯುವಾಗಿಯೇ ಇರುತ್ತದೆ. ಎಳೆಗಳ ಸಂಖ್ಯೆ ಕರು ಹುಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. ಆಮೇಲೆ ಅವು ದಪ್ಪ ಆಗುತ್ತವೆ. ಕೊಬ್ಬಿನ ಕೋಶ ಬರುವುದು ಎಳೆಗಳ ನಡುವಿನ ಪೊರೆಯಲ್ಲಿರುವ ಬೇರೆಯೇ ಬೀಜಕೋಶಗಳಿಂದ, ಅಂದರೆ ಇನ್ನೂ ಏನಾಗಬೇಕೆಂದು ತೀರ್ಮಾನವಾಗದ ಮೂಲ ಕೋಶಗಳಿಂದ. 2010ರಲ್ಲಿ ಇಲಿಗಳ ಸ್ನಾಯುವಿನಲ್ಲಿ ಇವನ್ನು ಬೇರೆ ಮಾಡಿ ತೋರಿಸಿದರು. ಇವೇ ಕೋಶಗಳು ನಾರಿನ ಪೊರೆಯನ್ನೂ ಕಟ್ಟಬಲ್ಲವು, ಕೊಬ್ಬೂ ಆಗಬಲ್ಲವು. ಯಾವ ದಾರಿ ಹಿಡಿಯುತ್ತವೆ ಎಂಬುದರಲ್ಲೇ ಎಲ್ಲ ಸ್ವಾರಸ್ಯ ಇದೆ ಅಲ್ವಾ? ನಿಮ್ಮ ಲೇಖನದಲ್ಲಿ ಅದು ಒಂದು ಸಾಲೂ ಇಲ್ಲ.

ಇನ್ನೊಂದು ದೂರು. ಪುಟಗಟ್ಟಲೆ ಓದಿದರೂ ನನಗೆ ಒಂದು ದನವೂ ಸಿಗಲಿಲ್ಲ. ಜೀನುಗಳ ಹೆಸರೇನೋ ಸಾಲಾಗಿ ನಿಂತಿವೆ. ಆ ಪ್ರಾಣಿ ಏನು ತಿಂತು? ಎಲ್ಲಿ ಕಟ್ಟಿದ್ದರು? ಐದನೇ ಪುಟದಲ್ಲಿ ಅರ್ಧ ವಾಕ್ಯ ಇದೆ: “ಜಪಾನಿನಲ್ಲಿ ವಿಟಮಿನ್ ಎ ಕಡಿಮೆ ಮಾಡುವ ಪದ್ಧತಿಯೂ ಉಂಟು.” ಇಷ್ಟು ಹೇಳಿ ಓಡಿಹೋಗಿದ್ದೀರಿ! ನಾನಾದರೆ ಇಡೀ ಲೇಖನವನ್ನು ಇಲ್ಲಿಂದಲೇ ಶುರು ಮಾಡುತ್ತಿದ್ದೆ. ಹಸಿರು ಮೇವಿನ ಕ್ಯಾರೋಟಿನ್ ದನದ ಮೈಯಲ್ಲಿ ವಿಟಮಿನ್ ಎ ಆಗುತ್ತದೆ, ಅದರಿಂದ ರೆಟಿನೋಯಿಕ್ ಆಮ್ಲ ಹುಟ್ಟುತ್ತದೆ. ಅದು ಬೀಜಕೋಶಗಳು ಕೊಬ್ಬಿನ ಕೋಶವಾಗುವುದನ್ನು ತಡೆಯುತ್ತದೆ. ಅದಕ್ಕೇ ಕೊಬ್ಬಿಸುವ ಕಾಲದಲ್ಲಿ ಕಾಳು, ಒಣ ಹುಲ್ಲು ಕೊಟ್ಟು ಹಸಿರನ್ನು ಹಿಡಿತದಲ್ಲಿ ಇಡುತ್ತಾರೆ. ಅತಿಯಾದರೆ ಪ್ರಾಣಿಗೆ ಕಣ್ಣು ಹೋಗುತ್ತದೆ, ಕೀಲು ಊದುತ್ತದೆ. ಇನ್ನೂ ಮಜಾ ಅಂದರೆ, 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆಂಗಸ್ ಕರುಗಳಿಗೆ ಹುಟ್ಟಿದಾಗಲೇ ಇದೇ ವಿಟಮಿನ್ ಕೊಟ್ಟಾಗ ಮಾಂಸದೊಳಗಿನ ಕೊಬ್ಬು ಹೆಚ್ಚಾಯಿತು. ಒಂದೇ ಪದಾರ್ಥ, ವಯಸ್ಸು ಬೇರೆ, ಫಲ ತಿರುವು ಮುರುವು. ಎಳೆ ಕರುವಿನಲ್ಲಿ ಅದು ಬೀಜಕೋಶಗಳ ಸಂಖ್ಯೆ ಹೆಚ್ಚಿಸುತ್ತದೆ, ಬೆಳೆದ ಮೇಲೆ ಅವು ಮುಂದೆ ಹೋಗದ ಹಾಗೆ ತಡೆಯುತ್ತದೆ. ಇದನ್ನು ಅರ್ಧ ವಾಕ್ಯದಲ್ಲಿ ಮುಗಿಸಲು ಮನಸ್ಸಾದರೂ ಹೇಗೆ ಬಂತು?

ಕೊನೆಯ ಪ್ಯಾರಾ, “ನಮ್ಮ ದೇವಣಿ ತಳಿಗೂ ಈ ಜೀನ್‌ಗಳನ್ನು ಅಳವಡಿಸಿದರೆ” ಅನ್ನುವುದು, ಪೂರ್ತಿ ಹೊಡೆದು ಹಾಕಿದ್ದೇನೆ. ಈ ಜೀನುಗಳು ದೇವಣಿಯಲ್ಲೂ ಇವೆ, ಮನುಷ್ಯರಲ್ಲೂ ಇವೆ. ಯಾವಾಗ, ಎಲ್ಲಿ, ಎಷ್ಟು ಕೆಲಸ ಮಾಡುತ್ತವೆ ಎಂಬುದು ಬೇರೆ. ಜೋಳದ ಕಣಿಕೆ, ತೊಗರಿ ಹೊಟ್ಟು ತಿಂದು ಬಿಸಿಲಲ್ಲಿ ಕುಂಟೆ ಎಳೆಯುವ ಎತ್ತಿಗೆ ವಾಗ್ಯುವಿನ ಲೆಕ್ಕ ಹಚ್ಚಬೇಡಿ.

ಬದಲಾಯಿಸಿ ಕಳಿಸುವುದಾದರೆ ಮುಂದಿನ ತಿಂಗಳ ಹತ್ತರೊಳಗೆ ಕಳಿಸಿ. ಆರು ಪುಟ ಮೀರಬೇಡಿ. ಹೇಳಲೇಬೇಕಾದ ಮೂರು ಜೀನುಗಳ ಹೆಸರು ಸಾಕು, ಉಳಿದವು ಹೋಗಲಿ. ಸ್ನಾಯುವಿನ ಸೀಳು ಮೈಕ್ರೋಸ್ಕೋಪಿನಲ್ಲಿ ಕಾಣುವ ಒಂದು ಫೋಟೊ ನಿಮ್ಮ ಕಾಲೇಜಿನ ಲ್ಯಾಬಿನಲ್ಲೇ ತೆಗೆಯಲು ಆಗುತ್ತದಾ ಕೇಳಿ ನೋಡಿ. ಇಂಟರ್‌ನೆಟ್‌ನಿಂದ ಇಳಿಸಿದ್ದು ಬೇಡ, ಹಕ್ಕಿನ ತಂಟೆ.

ಸಂಪಾದಕ