ಎರಡೂ ಕಿಡ್ನಿಯಲ್ಲಿ ದೊಡ್ಡ ಕಲ್ಲು: ಆಪರೇಶನ್ ಒಂದೇ ಸಲ ಮಾಡಿಸಬಹುದೇ?

ಅಪ್ಪನಿಗೆ ಎಡಕ್ಕೆ 24 ಮಿ.ಮೀ., ಬಲಕ್ಕೆ 21 ಮಿ.ಮೀ. ಕಲ್ಲಿದೆ, ನೋವು ಅಷ್ಟಿಲ್ಲ, ಬಾಳೆದಿಂಡಿನ ರಸ ಕೊಟ್ಟು ನೋಡಲೇ ಅಂತಲೂ ಕೇಳಿದ್ದೀರಿ. ಇಷ್ಟು ದೊಡ್ಡ ಕಲ್ಲು ಆ ರಸಕ್ಕೆ ಕರಗುವುದಿಲ್ಲ. ನೋವು ಬರುವುದು ಕಲ್ಲು ಜಾರಿ ಮೂತ್ರದ ದಾರಿ ಕಟ್ಟಿದಾಗ. ಒಳಗೇ ಕೂತದ್ದು ಸದ್ದಿಲ್ಲದೆ ಬೆಳೆಯುತ್ತದೆ. ನನಗೂ ಎರಡೂ ಕಡೆ ಇತ್ತು, ಮುಂಬೈಯಲ್ಲೇ ಮಾಡಿಸಿಕೊಂಡೆ.

2 ಸೆಂ.ಮೀ. ದಾಟಿದರೆ ಸಾಮಾನ್ಯವಾಗಿ ಪಿಸಿಎನ್‌ಎಲ್ ಮಾಡುತ್ತಾರೆ. ಬೆನ್ನಲ್ಲಿ ಸಣ್ಣ ತೂತು ಮಾಡಿ, ಕಲ್ಲು ಒಡೆದು ಅಲ್ಲಿಂದಲೇ ತೆಗೆಯುತ್ತಾರೆ. ಎರಡೂ ಕಡೆ ಒಂದೇ ಸಲ ಮಾಡುವುದೂ ಉಂಟು. ಆದರೆ ಮೊದಲ ಕಡೆ ಎಷ್ಟು ರಕ್ತ ಹೋಯಿತು, ಎಷ್ಟು ಹೊತ್ತಾಯಿತು ಅಂತ ನೋಡಿಕೊಂಡೇ ಮುಂದಿನದು. ನನ್ನ ಯೂರಿನ್ ಕಲ್ಚರ್‌ನಲ್ಲಿ ಸೋಂಕು ಬಂದಿತ್ತು. ಹಾಗೇ ಒಡೆದರೆ ಅದು ರಕ್ತಕ್ಕೆ ಸೇರಿ ಜೀವಕ್ಕೇ ಅಪಾಯ. ಮೊದಲು ಆಂಟಿಬಯಾಟಿಕ್ ಕೊಟ್ಟರು, ಆಮೇಲೆ ಎಡಗಡೆ ಮಾತ್ರ ಮಾಡಿದರು.

ಮರುದಿನ ಬೆನ್ನಿಗೆ ಹಾಕಿದ್ದ ಟ್ಯೂಬಿನ ಮೂತ್ರದ ಚೀಲದಲ್ಲಿ ಕೋಕಂ ಶರಬತ್ತಿನ ಕೆಂಪು ಬಣ್ಣ. ನೋಡಿ ಹೆದರಿದೆ. ದಿನ ಕಳೆದಂತೆ ತಿಳಿಯಾಯಿತು. ಸಣ್ಣ ಡಬ್ಬಿಯಲ್ಲಿ ಕಲ್ಲಿನ ಚೂರು ಕೊಟ್ಟರು, ಒಡೆದ ಬೆಲ್ಲದ ಹಾಗೆ ಕಂದು ಬಣ್ಣ. ಅದನ್ನು ಎಸೆಯದೆ ಲ್ಯಾಬಿಗೆ ಕೊಡಿ. ಯಾವ ಜಾತಿಯ ಕಲ್ಲು ಅಂತ ತಿಳಿದರೆ ಮುಂದಿನ ಪಥ್ಯ ಅದರ ಮೇಲೆ ನಿಲ್ಲುತ್ತದೆ.

ನನಗೆ ಕಷ್ಟವಾದದ್ದು ಒಳಗಿಟ್ಟ ಡಿಜೆ ಸ್ಟೆಂಟ್, ಅಂದರೆ ಕಿಡ್ನಿಯಿಂದ ಮೂತ್ರಚೀಲಕ್ಕೆ ಮೂತ್ರ ಇಳಿಯಲು ಇಡುವ ತೆಳ್ಳನೆ ನಳಿಗೆ. ಗಳಿಗೆಗೊಮ್ಮೆ ಮೂತ್ರಕ್ಕೆ ಅವಸರ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿದರೆ ದಾದರ್ ಬರುವುದರೊಳಗೆ ಪ್ರಾಣ ಹೋದ ಹಾಗಾಗುತ್ತಿತ್ತು. ಸ್ಟೆಂಟ್ ಇರುವಷ್ಟು ದಿನ ಅಪ್ಪನನ್ನು ಆ ಗರ್ದಿಗೆ ಕಳಿಸಬೇಡಿ. ತೆಗೆಸುವ ದಿನ ಮರೆಯಲೂ ಬೇಡಿ, ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತದೆ.

ನಾನು ತಪ್ಪಿದ್ದು ಇಲ್ಲಿ. ಎಡಗಡೆ ಆರಾಮಾಯಿತು, ಬಲಗಡೆ ನೋವಿರಲಿಲ್ಲ, ರಜೆ ಸಿಗಲಿಲ್ಲ. ಎಂಟು ತಿಂಗಳು ತಳ್ಳಿದೆ. ಕೊನೆಗೆ ಒಂದು ರಾತ್ರಿ ನಡುಕ, ಚಳಿಜ್ವರ. ಸ್ಕ್ಯಾನ್ ಮಾಡಿದರೆ ದಾರಿ ಕಟ್ಟಿ ಬಲ ಕಿಡ್ನಿ ಊದಿತ್ತು. ತುರ್ತಾಗಿ ಟ್ಯೂಬ್ ಹಾಕಿದರು, ಆಪರೇಶನ್ ವಾರಗಳ ನಂತರ. ಅದಕ್ಕೇ ಹೇಳುತ್ತೇನೆ, ಎರಡು ಸಲ ಮಾಡುವುದಾದರೆ ಡಿಸ್ಚಾರ್ಜ್ ದಿನವೇ ಎರಡನೆಯದರ ತಾರೀಖು ಬರೆಸಿಕೊಳ್ಳಿ.

ಇನ್ನೊಂದು. ಅಪ್ಪ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾರಾ? ಹಾಗಿದ್ದರೆ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ.